‘ಕೂಲರ್ ತಿರುಗ್ತದ, ತಂಪು ಬರವಲ್ದೇನು?’ ರಾಯಚೂರಿನ ಒಂದು ರಿಪೇರಿ ಅಂಗಡಿ ಬಗ್ಗೆ

ರಾಯಚೂರಾಗ ಮೇ ತಿಂಗಳು ಅಂದ್ರ ಗೊತ್ತಲ್ರಿ, 42 ಡಿಗ್ರಿ ದಾಟ್ತದ, ರಾತ್ರಿ ಹನ್ನೊಂದಕ್ಕ ಗ್ವಾಡಿ ಮುಟ್ಟಿದ್ರೂ ಬಿಸಿ. ಅವ್ವಗ ಏಸಿ ಆಗಿಬರಂಗಿಲ್ಲ, ಮಂಡಿ ಹಿಡಿತಾವ ಅಂತಾಳ, ಅದಕ್ಕ ಆಕಿ ಖೋಲ್ಯಾಗ ದೊಡ್ಡ ಕೂಲರ್ ಇಟ್ಟೀವಿ. ಈ ಸಲ ಏನಾತಂದ್ರ ಫ್ಯಾನ್ ತಿರುಗ್ತದ, ಪಂಪಿನ ಸಪ್ಪಳ ಬರ್ತದ, ಟ್ಯಾಂಕ್ ತುಂಬ ನೀರದ, ಆದ್ರ ಗಾಳಿ ಮಾತ್ರ ಮಧ್ಯಾಹ್ನದ ಬಸ್ಸಿನ ಕಿಟಕ್ಯಾಗ ಬಂದಂಗ ಬಿಸಿ. ಕೊಂಡ ಶೋರೂಮಿಗೆ ಹೋದ್ರ ನನ್ ಮಾತು ಪೂರ್ತಿ ಕೇಳ್ಲೇ ಇಲ್ಲ, ಮೂರು ವರ್ಷ ಆತಲ್ರಿ ಎಕ್ಸ್‌ಚೇಂಜ್ ಮಾಡ್ರಿ, ಹೊಸ ಮಾಡೆಲ್ ಬಂದದ, ರಿಮೋಟ್ ಅದ ಅಂದ್ರು. ನಂಗ ರಿಮೋಟ್ ತಗೊಂಡು ಏನಾಗ್ಬೇಕು, ಅವ್ವ ರಾತ್ರಿ ಎಲ್ಲಾ ನಿದ್ದಿಲ್ದ ಕುಂತಾಳ.

ಅದ ಬ್ಯಾಸರದಾಗ ತೀನ್ ಕಂದೀಲ್ ಕಡಿಂದ ಗಾಡಿ ಮ್ಯಾಲ ಬರೋವಾಗ ಓಣಿ ಬಾಯಾಗ ಒಂದು ತಗಡಿನ ಬೋರ್ಡ್ ಕಣ್ಣಿಗಿ ಬಿತ್ತು. ಕೈಲೇ ಬರದದ್ದು, ನೀಲಿ ಬಣ್ಣ. ‘ಕೂಲರ್ ತಿರುಗ್ತದ, ತಂಪು ಬರವಲ್ದೇನು? ಪ್ಯಾಡ್ ಬಿಚ್ಚಿಕೊಂಡು ಬರ್ರಿ, ನೋಡಿ ಹೇಳ್ತೀವಿ.’ ಅಷ್ಟ. ಅಂಗಡಿ ಹೆಸರು ಕೆಳಗ ಸಣ್ಣ ಅಕ್ಷರದಾಗ ಅದ, ಅದೂ ಅರ್ಧ ಅಳಿಸ್ಯಾದ, ಓಣ್ಯಾಗ ಎಲ್ರೂ ‘ತಂಪು ಬರವಲ್ದು’ ಅಂಗಡಿ ಅಂತನ ಕರಿತಾರ. ನಾನು ಬ್ರೇಕ್ ಹಾಕಿ ನಿಂತ್ಬಿಟ್ಟೆ. ಯಾಕಂದ್ರ ಮುಂಜಾನೆ ಶೋರೂಮಿನಾಗ ನಾನು ಹೇಳಿದ್ದು ಒಂದಕ್ಷರ ಬಿಡದಂಗ ಅದ ಮಾತು.

ಅದ ರಸ್ತೆದಾಗ ಇನ್ನೂ ನಾಕೈದು ರಿಪೇರಿ ಅಂಗಡಿ ಅದಾವ. ಎಲ್ಲಾ ಬೋರ್ಡೂ ಒಂದೇ ನಮೂನಿ, ಸೇಲ್ಸ್ ಅಂಡ್ ಸರ್ವಿಸ್, ಆಲ್ ಬ್ರಾಂಡ್ಸ್, ನಂಬಿಕೆಗೆ ಇನ್ನೊಂದು ಹೆಸರು. ದಿನಾ ಆ ರಸ್ತೆಗೇ ಅಡ್ಡಾಡ್ತೀನಿ, ಒಂದು ಬೋರ್ಡೂ ನೆನಪಿಲ್ಲ. ಅವೆಲ್ಲಾ ಅಂಗಡಿಯವ್ರು ತಮ್ಮ ಬಗ್ಗೆ ತಾವು ಹೇಳ್ಕೊಳ್ಳೋ ಮಾತು, ನನ್ ತ್ರಾಸಿನ ಬಗ್ಗೆ ಒಂದು ಶಬ್ದನೂ ಇಲ್ಲ ಅದ್ರಾಗ. ತಂಗಿ ಬಿಬಿಎ ಓದ್ಯಾಳ, ಆಕಿಗಿ ಇದನ್ನ ಹೇಳ್ದಾಗ ಇದು ಹಳೇ ವಿಷಯ ಅಣ್ಣ ಅಂದ್ಲು. ಇಂಗ್ಲೆಂಡಿನಾಗ 1959ರಾಗ ನೆವಿಲ್ ಮೋರೆ ಅನ್ನೋರು ಪ್ರಯೋಗ ಮಾಡಿದ್ರಂತ, ಎರಡೂ ಕಿವಿಗಿ ಬ್ಯಾರೆ ಬ್ಯಾರೆ ಮಾತು ಕೇಳಿಸಿ ಒಂದು ಕಿವಿ ಕಡಿಗಷ್ಟ ಲಕ್ಷ್ಯ ಕೊಡ್ರಿ ಅಂದ್ರ, ಇನ್ನೊಂದು ಕಿವ್ಯಾಗ ಏನು ಬಂತು ಅಂತ ಜನಕ್ಕ ಹೇಳಾಕ ಬರ್ಲಿಲ್ಲ, ಆದ್ರ ಅದ್ರಾಗ ತಮ್ಮ ಹೆಸರು ಬಂದ್ರ ಕೆಲವ್ರಿಗಿ ಟಕ್ಕನ ಕೇಳ್ತು. ಸಂತ್ಯಾಗ ಎಷ್ಟ ಗದ್ದಲ ಇದ್ರೂ ಯಾರಾರ ನಮ್ ಹೆಸರು ಕೂಗಿದ್ರ ತಿರುಗಿ ನೋಡ್ತೀವಲ್ಲ, ಹಂಗ. ನನ್ ಪಾಲಿಗಿ ಆ ಬೋರ್ಡು ನನ್ ಹೆಸರು ಹಿಡಿದು ಕೂಗಿದಂಗ ಆತು.

ಬೋರ್ಡು ಚಲೋ ಇದ್ದು ಕೆಲಸ ಖರಾಬ್ ಇದ್ರ ನಾನು ಇದನ್ನ ಬರೀತಿರ್ಲಿಲ್ಲ. ಸಂಜಿಕೆ ಪ್ಯಾಡ್, ಪಂಪ್ ಬಿಚ್ಚಿಕೊಂಡು ಹೋದೆ. ಒಳಗ ವಯಸ್ಸಾದ ಚಾಚಾ ಒಬ್ರು, ಜತಿಗೊಂದು ಹುಡುಗ. ಚಾಚಾ ಪ್ಯಾಡ್ ಕೈಗಿ ತಗೊಳ್ಳೋಕಿಂತ ಮೊದ್ಲು ಕೇಳಿದ್ದು, ‘ತಮ್ಮಾ, ಖೋಲಿ ಕಿಟಕಿ ಮುಚ್ಚಿ ಹಚ್ತೀರೇನು?’ ಹೌದ್ರಿ, ಧೂಳು ಬರ್ತದಂತ ಅವ್ವ ಮುಚ್ತಾಳ ಅಂದೆ. ‘ಅರ್ಧ ರೋಗ ಅಲ್ಲೇ ಅದ. ಒಳಗಿನ ಗಾಳಿನ ಮತ್ತ ಮತ್ತ ಎಳ್ಕೊಂಡ್ರ ಖೋಲಿ ಎಲ್ಲಾ ಪಸಿ ಆಗ್ತದ, ಪಸಿ ಗಾಳ್ಯಾಗ ನೀರು ಆರಂಗಿಲ್ಲ, ನೀರು ಆರಿದ್ರ ತಾನ ತಂಪು?’ ಕೂಲರ್ ಬೆನ್ನು ಕಿಟಕಿ ಕಡಿಗಿ ಇಡ್ರಿ, ಎದುರಿನ ಬಾಗಿಲಾ ಒಂದು ಗೇಣು ತೆಗದಿಡ್ರಿ ಅಂದ್ರು. ಇದಕ್ಕ ಒಂದು ಪೈಸಾ ತಗೊಳ್ಳಲಿಲ್ಲ.

ಆಮೇಲೆ ಪ್ಯಾಡ್ ಬೆಳಕಿಗಿ ಹಿಡದು ತೋರಿಸಿದ್ರು. ಹುಲ್ಲಿನ ಪ್ಯಾಡು, ಬಂಗಾರದ ಬಣ್ಣ ಇರಬೇಕಾದ್ದು ಸುಣ್ಣ ಬಳದಂಗ ಬೆಳ್ಳಗ, ಉಗುರಿಲೆ ಕೆರದ್ರ ಪಟಪಟ ಚೂರು ಉದುರ್ತಾವ. ನಮ್ದು ಬೋರ್ ನೀರು, ಗಡಸು. ನೀರು ಆರಿ ಹೋಗ್ತದ, ಅದ್ರಾಗಿನ ಸುಣ್ಣದ ಅಂಶ ಪ್ಯಾಡಿನಾಗ ಉಳಿತದ, ದಿನಾ ಅದಕ್ಕ ಮತ್ತ ನೀರು ಹಾಕಿದ್ರ ಟ್ಯಾಂಕಿನ ನೀರು ಇನ್ನೂ ಗಡಸು ಆಗ್ತಾ ಹೋಗ್ತದ. ಮ್ಯಾಲಿನ ಪೈಪಿನ ತೂತು ಏಳು ಕಟ್ಟಿದ್ವು, ಎರಡರಾಗ ಅಷ್ಟ ನೀರು ಬೀಳ್ತಿತ್ತು, ಅಂದ್ರ ಪ್ಯಾಡಿನ ಮುಕ್ಕಾಲು ಭಾಗ ಒಣಗಿದ್ದು, ಅಲ್ಲಿಂದ ಬಿಸಿ ಗಾಳಿ ಸೀದಾ ಒಳಗ. ಹುಡುಗ ಒಂದು ತಂತಿ ತಗೊಂಡು ತೂತು ಒಂದೊಂದಾಗಿ ಚುಚ್ಚಿ ಬಿಡಿಸಿದ, ಪಂಪಿನ ಚಕ್ರ ನಿಂಬಿ ಉಪ್ಪು ಕರಗಿಸಿದ ನೀರಾಗ ಅರ್ಧ ತಾಸು ನೆನಸಿಟ್ಟ, ಬುರುಬುರು ನೊರಿ ಬಂದು ಬಿಳಿ ಪೊರಿ ಬಿಟ್ತು. ಹೊಸ ಪಂಪ್ ಹಾಕ್ರಿ ಅಂತ ನಾನ ಅಂದೆ, ಚಾಚಾ ಬ್ಯಾಡ ಅಂದ್ರು. ಮೂರು ಹೊಸ ಪ್ಯಾಡಿಗಿ 360, ಕೆಲಸಕ್ಕ 150, ಒಟ್ಟು 510 ರೂಪಾಯಿ. ವಾರಕ್ಕೊಮ್ಮೆ ಟ್ಯಾಂಕ್ ಪೂರಾ ಖಾಲಿ ಮಾಡಿ ಹೊಸ ನೀರು ಹಾಕ್ರಿ ಅಂತ ಹೇಳಿ ಕಳಿಸಿದ್ರು. ಅವತ್ತು ರಾತ್ರಿ ಅವ್ವ ಹತ್ತಕ್ಕ ಮಲಗಿದಾಕಿ ಮುಂಜಾನೆ ಐದಕ್ಕ ಎದ್ಲು.

ಹಣ ಕೊಡೋವಾಗ ಕೇಳ್ದೆ, ಆ ಬೋರ್ಡ್ ಯಾರು ಬರದದ್ದು ಚಾಚಾ? ಅವ್ರು ಗಲ್ಲಾ ಡಬ್ಬಿ ಕೆಳಗಿಂದ ಉದ್ದನ ನೋಟ್‌ಬುಕ್ ತೆಗದ್ರು. ಬಂದವ್ರು ಏನಂತ ಹೇಳ್ತಾರೋ ಅದನ್ನ ಅವ್ರ ಮಾತಿನಾಗ ಬರದಿಟ್ಟಾರ. ‘ನೀರು ನಾರ್ತದ’, ‘ಶಾಕ್ ಹೊಡಿತದ’, ‘ರಾತ್ರಿ ಕಟಕಟ ಅಂತದ ಕೂಸು ಏಳ್ತದ’. ಯಾವ ಮಾತು ಜಾಸ್ತಿ ಸಲ ಬಂದದೋ ಅದು ಬೋರ್ಡಿನ ಮ್ಯಾಲ. ನನಗ ಇದು ಭಾಳ ಮನಸಿಗಿ ಹಿಡಿಸ್ತು ನೋಡ್ರಿ, ಏಜೆನ್ಸಿಗೆ ಸಾವಿರಾರು ರೂಪಾಯಿ ಕೊಟ್ರೂ ಇಂಥ ಲೈನ್ ಬರಾಂಗಿಲ್ಲ, ಯಾಕಂದ್ರ ಅವ್ರು ಬರೆಯೋವಾಗ ಮುಂದ ಗಿರಾಕಿ ಕುಂತಿರಂಗಿಲ್ಲ.

ಇಲ್ಲೊಂದು ಮಾತು ಹೇಳ್ಲೇಬೇಕು. ಗಿರಾಕಿ ತ್ರಾಸು ಹಿಡ್ಕೊಂಡು ಮಾತಾಡೋದು ಬ್ಯಾರೆ, ಇಲ್ಲದ ತ್ರಾಸು ಹುಟ್ಟಿಸಿ ಹೆದರಿಸೋದು ಬ್ಯಾರೆ. ಹೋದ ವರ್ಷ ಮನಿಗಿ ಒಬ್ಬ ಫಿಲ್ಟರ್ ಮಾರಾಂವ ಬಂದಿದ್ದ, ಒಂದು ಗ್ಲಾಸಿನಾಗ ನಮ್ ನೀರು, ಇನ್ನೊಂದ್ರಾಗ ಅವನ ಮಷಿನ್ ನೀರು, ಎರಡಕ್ಕೂ ಕರೆಂಟಿನ ಕಡ್ಡಿ ಇಳಿಸಿದ. ನಮ್ ನೀರು ಕಂದು ಬಣ್ಣ ಆತು, ಇದನ್ನ ಕುಡಿತೀರೇನು ಅಂದ, ಅವ್ವ ಗಾಬರಿ ಆದ್ಲು. ಆಮೇಲೆ ತಿಳೀತು, ನೀರಾಗ ಲವಣ ಇದ್ರ ಕರೆಂಟ್ ಹರಿತದ, ಆ ಕಬ್ಬಿಣದ ಕಡ್ಡಿನ ಕರಗಿ ಕಂದು ಬಣ್ಣ ಬರ್ತದ, ಫಿಲ್ಟರ್ ನೀರಾಗ ಲವಣ ಕಡಿಮಿ ಅದಕ್ಕ ತಿಳಿ ಉಳಿತದ, ಅದು ಹೊಲಸಿನ ಟೆಸ್ಟ್ ಅಲ್ಲವೇ ಅಲ್ಲ. ನಮ್ ದೇಶದ ಕುಡಿಯೋ ನೀರಿನ ಸ್ಟಾಂಡರ್ಡ್ ಐಎಸ್ 10500 ಪ್ರಕಾರ ಟಿಡಿಎಸ್, ಅಂದ್ರ ನೀರಾಗ ಕರಗಿದ ಲವಣ ಎಲ್ಲಾ ಸೇರಿ, ಲೀಟರಿಗಿ 500 ಮಿಲಿಗ್ರಾಂ ತನಕ ಚಲೋ, ಬ್ಯಾರೆ ನೀರು ಇಲ್ದಿದ್ರ 2000 ತನಕ ನಡಿತದ. ನಮ್ ಜಿಲ್ಲಾದಾಗ ಫ್ಲೋರೈಡಿನ ತ್ರಾಸು ಖರೇನ ಅದ, ಬೋರ್ ನೀರು ಲ್ಯಾಬಿನಾಗ ಟೆಸ್ಟ್ ಮಾಡಿಸ್ರಿ ಅಂದಿದ್ರ ನಾನ ಅಂವಗ ಕೈ ಮುಗಿತಿದ್ದೆ. ಅದನ್ನ ಬಿಟ್ಟು ನಾಟಕ ಮಾಡಿದ. ಅವನೂ ನಮ್ ಲಕ್ಷ್ಯ ಹಿಡದ, ಆದ್ರ ಮತ್ತ ನಮ್ ಬಾಗಿಲಿಗಿ ಬಂದ್ರ ಒಳಗ ಬಿಡಂಗಿಲ್ಲ.

ನಮ್ದು ಬೀಜ, ಔಷಧಿ ಅಂಗಡಿ. ಇಪ್ಪತ್ತು ವರ್ಷದಿಂದ ಬೋರ್ಡಿನ ತುಂಬ ಕಂಪನಿ ಹೆಸರು. ಚಾಚಾನ ಅಂಗಡಿಯಿಂದ ಬಂದ ಮ್ಯಾಲ ನಾನೂ ಒಂದು ನೋಟ್‌ಬುಕ್ ಇಟ್ಟೆ. ಯಾವ ರೈತನೂ ಕಂಪನಿ ಹೆಸರು ಹೇಳ್ಕೊಂಡು ಬರಂಗಿಲ್ರಿ, ‘ಮೆಣಸಿನಗಿಡ ಮುದುಡ್ಯಾದ’ ಅಂತನ ಬರ್ತಾನ. ಎಲಿ ಮ್ಯಾಲ್ಮುಖ ದೋಣಿ ಆಗಿದ್ರ ಥ್ರಿಪ್ಸ್ ನುಸಿ, ಕೆಳಮುಖ ಮಡಚಿದ್ರ ಮೈಟ್ ನುಸಿ, ಎರಡಕ್ಕೂ ಔಷಧಿ ಬ್ಯಾರೆ, ತಪ್ಪಿ ಹೊಡದ್ರ ರೊಕ್ಕನೂ ಹೋತು ಬೆಳಿನೂ ಹೋತು. ಈಗ ಬಾಗಿಲ ಮುಂದ ಹಲಗಿ ಮ್ಯಾಲ ಬರದೀನಿ, ‘ಮೆಣಸಿನ ಎಲಿ ಮುದುಡ್ಯಾವೇನು? ಮ್ಯಾಲಕೋ ಕೆಳಕೋ? ಒಂದು ಟೊಂಗಿ ತಂದು ತೋರಿಸ್ರಿ.’ ಮೊದಲನೇ ವಾರದಾಗ ಹನ್ನೊಂದು ಮಂದಿ ಟೊಂಗಿ ಹಿಡ್ಕೊಂಡು ಬಂದ್ರು, ಅದ್ರಾಗ ಮೂರು ಮಂದಿ ಆಗ್ಲೇ ತಪ್ಪು ಔಷಧಿ ಹೊಡದಿದ್ರು.

ಚಾಚಾನ ಅಂಗಡ್ಯಾಗ ಕೊರತಿ ಇಲ್ಲಂತಲ್ಲ. ಜಾಗ ಸಣ್ಣದು, ಗಾಡಿ ನಿಲ್ಲಿಸಾಕ ಆಗಂಗಿಲ್ಲ. ಮೇ ತಿಂಗಳಾಗ ಮನಿಗಿ ಬಂದು ನೋಡ್ರಿ ಅಂದ್ರ ನಾಕು ದಿನ ಕಾಯಬೇಕು. ಶುಕ್ರವಾರ ಮಧ್ಯಾಹ್ನ ಬಂದ್ ಇರ್ತದ, ಬೋರ್ಡಿನ ಮ್ಯಾಲ ಅದನ್ನೂ ಬರದಿದ್ರ ಚಲೋ ಇತ್ತು, ನನ್ ಮಾವ ಬಿಸಲಾಗ ಹೋಗಿ ತಿರುಗಿ ಬಂದ. ಜೇನುಗೂಡಿನಂಗ ತೂತಿರೋ ಹನಿಕೋಂಬ್ ಪ್ಯಾಡ್ ಎಲ್ಲಾ ಅಳತಿದು ಸಿಗಂಗಿಲ್ಲ, ಆರ್ಡರ್ ಕೊಡಬೇಕು. ನಂದು ಐದಕ್ಕ ನಾಲ್ಕೂವರೆ ಸ್ಟಾರ್. ಯುಗಾದಿಗಿಂತ ಮೊದ್ಲ ಹೋದ್ರ ಗದ್ದಲ ಇರಂಗಿಲ್ಲ, ಹೋಗೋವಾಗ ಹಳೇ ಪ್ಯಾಡ್ ಒಂದು ಕೈಯಾಗ ಹಿಡ್ಕೊಂಡು ಹೋಗ್ರಿ, ಅಳತಿ ತಪ್ಪಂಗಿಲ್ಲ.