ಇಡೀ ಮರದ ಬಿಲ್ಲೋ, ಪದರದ ಬಿಲ್ಲೋ?

ನನ್ನ ಓಟು ಪದರದ ಬಿಲ್ಲಿಗೇ. ಹಿಕರಿ ಅನ್ನುವ ಅಮೆರಿಕದ ಗಟ್ಟಿ ಮರದ ಒಂದೇ ದಿಮ್ಮಿಯಿಂದ ಕೆತ್ತಿದ್ದು ಒಂದು, ಇಪೆ ಅನ್ನುವ ದಕ್ಷಿಣ ಅಮೆರಿಕದ ಗಟ್ಟಿ ಮರದ ಮೇಲೆ ಬಿದಿರಿನ ಸೀಳು ಅಂಟಿಸಿದ್ದು ಇನ್ನೊಂದು. ಎರಡರಲ್ಲೂ ಅದೇ ಬಾಣಗಳನ್ನು ಬಿಟ್ಟು ನೋಡಿದ್ದೇನೆ.

ಹೆದೆ ಎಳೆದಾಗ ಬಿಲ್ಲಿನ ಹೊರಮೈ ಹಿಗ್ಗುತ್ತದೆ, ನಮ್ಮ ಕಡೆಯ ಒಳಮೈ ಒತ್ತಿಕೊಳ್ಳುತ್ತದೆ. ಎರಡನ್ನೂ ಚೆನ್ನಾಗಿ ತಾಳುವ ಮರ ಕಡಿಮೆ. ಯೂ ಮರ ತಾಳುತ್ತದೆ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಯುದ್ಧನೌಕೆ ಮೇರಿ ರೋಸ್‌ನ ಬಿಲ್ಲುಗಳು ಅದರವೇ, ಹೊರಮೈಗೆ ತೊಗಟೆಯ ಕೆಳಗಿನ ಬಿಳಿ ಮರ, ಒಳಮೈಗೆ ನಡುವಿನ ಚೇಗು. ಆದರೆ ಗಂಟಿಲ್ಲದ ಅಂಥ ತುಂಡು ಸಿಗಬೇಕಲ್ವಾ? ಹಿಕರಿ ಹಿಗ್ಗುವುದಕ್ಕೆ ಗಟ್ಟಿ, ತೇವ ಹೀರಿದರೆ ಮಾತ್ರ ಸೋಲುತ್ತದೆ. ನನ್ನದು ಹೆದೆ ಬಿಚ್ಚಿದ ಮೇಲೂ ಬಾಗಿಯೇ ಇರುತ್ತದೆ, ಬಾಣದ ವೇಗವೂ ಇಳಿದಿದೆ.

ಬಿದಿರಿನ ಗಟ್ಟಿ ನಾರೆಲ್ಲ ಸಿಪ್ಪೆಗೆ ಹತ್ತಿರವೇ ಇರುತ್ತದೆ, ಅದೇ ಹೊರಮೈ. ಅಂಟಿಸುವಾಗಲೇ ತುದಿಗಳನ್ನು ನಮ್ಮಿಂದ ಆಚೆಗೆ ಬಾಗಿಸಿ ಕೂರಿಸಬಹುದು. ನನ್ನ ಬಿಲ್ಲು ಆ ಬಾಗನ್ನು ಬಹುಪಾಲು ಉಳಿಸಿಕೊಂಡಿದೆ.

ತಲೆನೋವು ಅಂದರೆ ಅಂಟು. ಇಪೆಯಲ್ಲಿ ಎಣ್ಣೆ ಜಾಸ್ತಿ. ಒರಟು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಎಣ್ಣೆ ತೆಗೆಯುವ ಅಸಿಟೋನ್ ಹಾಕಿದ ಬಟ್ಟೆಯಲ್ಲಿ ಒರೆಸಬೇಕು. ಬಟ್ಟೆಗೆ ಬಣ್ಣ ಹತ್ತುವುದು ನಿಲ್ಲುವವರೆಗೂ ಒರೆಸಿ, ತಡಮಾಡದೆ ಎಪಾಕ್ಸಿ ಅಂಟು ಬಳಿಯಬೇಕು.

ಅಷ್ಟಕ್ಕೇ ಮುಗಿಯುವುದಿಲ್ಲ. ಹಸಿ ಎಪಾಕ್ಸಿಯ ಮೇಲೆ ಬಿದಿರು ಜಾರುತ್ತದೆ. ಒಂದು ಕ್ಲಾಂಪ್ ತಿರುಗಿಸಿದರೆ ಇನ್ನೊಂದು ತುದಿ ಪಕ್ಕಕ್ಕೆ ಸರಿದಿರುತ್ತದೆ. ಜಾರಬಾರದು ಅಂತ ಬಿಗಿ ಮಾಡುತ್ತಾ ಹೋದರೆ ಎಪಾಕ್ಸಿಯೆಲ್ಲ ಅಂಚಿನಿಂದ ಹೊರಗೆ ಬಂದು, ಒಳಗೆ ಹಿಡಿಯುವುದಕ್ಕೆ ಏನೂ ಉಳಿಯುವುದಿಲ್ಲ. ಅಂಥ ಜೋಡಣೆ ಹೊರಗಿಂದ ಚೆನ್ನಾಗೇ ಕಾಣುತ್ತದೆ, ಪೂರ್ತಿ ಎಳೆದಾಗ ಬಿಡುತ್ತದೆ.

ನಾನು ಈಗ ಕ್ಲಾಂಪ್‌ಗಳನ್ನು ನಂಬುವುದಿಲ್ಲ. ಸೈಕಲ್ ಟ್ಯೂಬನ್ನು ಉದ್ದಕ್ಕೆ ಪಟ್ಟಿ ಕತ್ತರಿಸಿ ಬಿಲ್ಲಿಗೆ ಸುತ್ತುತ್ತೇನೆ, ಒತ್ತಡ ಎಲ್ಲ ಕಡೆ ಸಮನಾಗಿ ಬೀಳುತ್ತದೆ. ಎರಡೂ ತುದಿಗಳಲ್ಲಿ, ಆಮೇಲೆ ಕತ್ತರಿಸಿ ಹಾಕುವ ಜಾಗದಲ್ಲಿ, ತೆಳು ಮೊಳೆ ಹೊಡೆದರೆ ಪದರ ಜಾರುವುದಿಲ್ಲ.

ಕೈಗೆ ಇಪೆ ಭಾರ. ಉಜ್ಜುಗೊರಡು ಬೇಗ ಮೊಂಡಾಗುತ್ತದೆ.

ಪದರ ಅಂಟಿಸಿದ್ದು ಸಾಂಪ್ರದಾಯಿಕ ಅಲ್ಲ ಅನ್ನುವವರಿದ್ದಾರೆ. ಜಪಾನಿನ ಯುಮಿ ಬಿಲ್ಲು ನೋಡಿ: ನಡುವೆ ಮರ, ಒಳಗೂ ಹೊರಗೂ ಬಿದಿರು. ಅದಕ್ಕಿಂತ ಸಾಂಪ್ರದಾಯಿಕ ಇನ್ನೇನು ಬೇಕು?

ನಾನು ಒಂದೇ ಸಲಕ್ಕೆ ತುಂಬಾ ಹೊತ್ತು ಬಾಣ ಬಿಡುವವನು, ಮರ ಒಣಗಲಿ ಅಂತ ವರ್ಷಗಟ್ಟಲೆ ಕಾಯುವ ತಾಳ್ಮೆಯೂ ಇಲ್ಲ. ತೆಳು ಪಟ್ಟಿಗಳು ದಪ್ಪ ದಿಮ್ಮಿಗಿಂತ ಅಗ್ಗ, ಒಂದು ಹಾಳಾದರೂ ನಷ್ಟ ಚಿಕ್ಕದು. ಅಂಟಿನ ಗಲಾಟೆ ಬೇಡ, ಕೈ ಉಪಕರಣಗಳಷ್ಟೇ ಸಾಕು ಅನ್ನುವವರು ಸುಮ್ನೆ ಇಡೀ ಮರವನ್ನೇ ಹಿಡಿಯಿರಿ. ನನ್ನ ಮುಂದಿನ ಬಿಲ್ಲಿಗೆ ನಡುವೆ ಇನ್ನೊಂದು ತೆಳು ಪದರ ಸೇರಿಸುತ್ತಿದ್ದೇನೆ. ಪದರ ತೆಳುವಾದಷ್ಟೂ ಅಂಟಿಸುವಾಗ ಸುಲಭವಾಗಿ ಬಾಗುತ್ತದೆ.