ಟರ್ಬೊ ಹೋಗಿದೆ ಎಂದವರಿಗೆ ಹಣ ಕೊಡುವ ಮೊದಲು ಇದನ್ನು ಓದಿ

46,000 ರೂಪಾಯಿ. ನನ್ನ ಹೆಂಡತಿ ಎರಡು ವರ್ಷ ಕಟ್ಟಿದ ಚೀಟಿಯ ಹಣ. ಅದನ್ನು ಕೊಟ್ಟು, ಕಾರಿನಲ್ಲಿ ಚೆನ್ನಾಗಿಯೇ ಇದ್ದ ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಫ್ಯಾನ್) ಬಿಚ್ಚಿಸಿ ಇನ್ನೊಂದನ್ನು ಹಾಕಿಸಿಕೊಂಡು ಬಂದೆ. ಮೊದಲು ಎಷ್ಟು ಆಯಿಲ್ ಹೋಗುತ್ತಿತ್ತೋ ಆಮೇಲೂ ಅಷ್ಟೇ ಹೋಯಿತು. ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯಲೇಬೇಕು, ಏಕೆಂದರೆ ಆ ದಿನ ಅದೇ ಗ್ಯಾರೇಜಿನಲ್ಲಿ ನನ್ನ ಕಾರಿನ ಪಕ್ಕದಲ್ಲಿ ಬೇಲೂರು ಕಡೆಯವರೊಬ್ಬರ ಕಾರು ಬಾನೆಟ್ ತೆರೆದು ನಿಂತಿತ್ತು. ಅವರಿಗೂ ಟರ್ಬೊ ಎಂದೇ ಹೇಳುತ್ತಿದ್ದರು.

ನನ್ನದು ಏಳು ವರ್ಷದ ಡೀಸೆಲ್ ಕಾರು, 92,000 ಕಿ.ಮೀ. ಓಡಿದೆ. ಮನೆ ಸಕಲೇಶಪುರದ ಹತ್ತಿರ, ನಾನು ಪಾಠ ಮಾಡುವ ಶಾಲೆ ಅಲ್ಲಿಂದ ನಾಲ್ಕೇ ಕಿ.ಮೀ. ಮಳೆಗಾಲ ಹಿಡಿದ ಮೇಲೆ ಎಂಜಿನ್ ಆಯಿಲ್ ಇಳಿಯತೊಡಗಿತು. ಶೆಡ್ಡಿನ ನೆಲದ ಮೇಲೆ ಒಂದು ಹನಿಯಿಲ್ಲ, ಕೂಲಂಟ್‌ನಲ್ಲಿ ಜಿಡ್ಡಿಲ್ಲ, ಆದರೂ ಸಾವಿರ ಕಿ.ಮೀ.ಗೆ ಮುಕ್ಕಾಲು ಲೀಟರ್ ಸುರಿಯಬೇಕಾಗುತ್ತಿತ್ತು. ಮಂಗಳೂರಿನಿಂದ ವಾಪಸಾಗುವಾಗ ಶಿರಾಡಿ ಘಾಟಿಯ ಏರಿನಲ್ಲಿ ಹಿಂದೆ ನೀಲಿ ಹೊಗೆ ಎದ್ದಿತು. ಮಕ್ಕಳು ಕಾರಿನಲ್ಲಿದ್ದರು. ಹೆದರಿದೆ. ಮರುದಿನವೇ ಹಾಸನಕ್ಕೆ ಒಯ್ದೆ.

ಗ್ಯಾರೇಜಿನ ಹೆಸರು ಬರೆಯುವುದಿಲ್ಲ. ಮಾಲೀಕರು ಟರ್ಬೊದಿಂದ ಇಂಟರ್‌ಕೂಲರ್‌ಗೆ (ಆ ಗಾಳಿಯನ್ನು ತಣಿಸುವ ಭಾಗ) ಹೋಗುವ ಹೋಸ್ ಬಿಚ್ಚಿದರು, ಒಳಗೆ ಬೆರಳು ಹಾಕಿದರು, ಎಣ್ಣೆ ಹತ್ತಿದ ಬೆರಳನ್ನು ನನ್ನ ಮುಂದೆ ಹಿಡಿದರು. "ನೋಡಿ ಸಾರ್, ಟರ್ಬೊ ಸೀಲ್ ಹೋಗಿದೆ. ಹೀಗೆಯೇ ಓಡಿಸಿದರೆ ಫ್ಯಾನ್ ಮುರಿದು ಎಂಜಿನ್ ಒಳಗೆ ಹೋಗುತ್ತದೆ. ಆಮೇಲೆ ಲಕ್ಷದ ಮಾತು." ಅಷ್ಟೇ. ಐದು ನಿಮಿಷ. ಕಂಪ್ರೆಷನ್, ಅಂದರೆ ಸಿಲಿಂಡರುಗಳ ಒತ್ತಡ, ನೋಡಲಿಲ್ಲ, ಆಯಿಲ್ ಮುಚ್ಚಳ ತೆಗೆಯಲಿಲ್ಲ, ಟರ್ಬೊದ ಶಾಫ್ಟ್ ಅಲುಗಾಡಿಸಿಯೂ ನೋಡಲಿಲ್ಲ. ಆ ಬೆರಳಿನ ಎಣ್ಣೆ ಸುಳ್ಳಾಗಿರಲಿಲ್ಲ, ಅದಕ್ಕೇ ನಂಬಿದೆ. ಎಣ್ಣೆ ಅಲ್ಲಿಗೆ ಏಕೆ ಬಂತು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಭಾವಮೈದ ಫೋನಿನಲ್ಲಿ "ಭಾವ, ಮೊದಲು ಕಂಪ್ರೆಷನ್ ನೋಡಿಸಿ" ಎಂದ. "ನಿನಗೇನು ಗೊತ್ತು, ಸುಮ್ಮನಿರು" ಎಂದು ಬಾಯಿ ಮುಚ್ಚಿಸಿ, ಎಸ್ಟಿಮೇಟ್ ಕಾಗದಕ್ಕೆ ಸಹಿ ಹಾಕಿದೆ.

900 ಕಿ.ಮೀ. ಓಡಿಸುವಷ್ಟರಲ್ಲಿ ಡಿಪ್‌ಸ್ಟಿಕ್ ಮತ್ತೆ ಕೆಳಗಿನ ಗೆರೆಗೆ ಬಂತು. ಅದೇ ಹೊಗೆ. ಫೋನ್ ಮಾಡಿದೆ. "ಪೈಪಿನಲ್ಲಿ ಉಳಿದ ಹಳೆಯ ಆಯಿಲ್ ಸಾರ್, ಸುಟ್ಟು ಖಾಲಿಯಾಗಲಿ." ಎರಡು ವಾರ ಬಿಟ್ಟು ಕಾರನ್ನೇ ಒಯ್ದೆ. ಈ ಬಾರಿ ಆಯಿಲ್ ಮುಚ್ಚಳ ತೆಗೆದರು, ಅದರ ಅಡಿಯಲ್ಲಿ ಅಂಟಿದ್ದ ಕೆನೆಯಂತಹದ್ದನ್ನು ತೋರಿಸಿದರು. "ಟರ್ಬೊ ಸರಿಯಾಗಿದೆ ಸಾರ್, ಈಗ ಎಂಜಿನ್ ಹೋಗಿದೆ. ಸಿಲಿಂಡರ್ ಬೋರ್ ಮಾಡಿಸಬೇಕು, 90,000 ಆಗುತ್ತದೆ." ಹಾಗಾದರೆ ಮೊದಲು ಬಂದ ಹೊಗೆ ಯಾವುದರದು ಎಂದು ಕೇಳಿದೆ. "ಆಗ ಟರ್ಬೊದ್ದು, ಈಗ ಎಂಜಿನ್‌ದು."

ಆಗ ಟರ್ಬೊದ್ದು, ಈಗ ಎಂಜಿನ್‌ದು! ಮುಖ ನೋಡಿಕೊಂಡೇ ಹೇಳಿದರು. ಇದನ್ನು ನೆನೆದಾಗಲೆಲ್ಲ ಈಗಲೂ ಮೈ ಉರಿಯುತ್ತದೆ.

ಕಾರು ಬಿಡದೆ ವಾಪಸ್ ತಂದೆ. ಸಕಲೇಶಪುರದಲ್ಲಿ ಜೀಪುಗಳ ಕೆಲಸ ಮಾಡುವ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಎಂಜಿನ್ ಚಾಲೂ ಇಟ್ಟೇ ಆಯಿಲ್ ಮುಚ್ಚಳ ಸಡಿಲಿಸಿದರು. ಭುಸ್ ಎಂದು ಗಾಳಿ ನುಗ್ಗಿ ಎಣ್ಣೆ ಅವರ ತೋಳಿಗೆ ಸಿಡಿಯಿತು. ಆಮೇಲೆ ಗಾಳಿ ನಿಂತಿತು. "ಮೇಷ್ಟ್ರೇ, ಪಿಸ್ಟನ್ ರಿಂಗ್ ಸವೆದಿದ್ದರೆ ಈ ಗಾಳಿ ನಿಲ್ಲುತ್ತಲೇ ಇರಲಿಲ್ಲ. ಒಳಗೆ ಕಟ್ಟಿಕೊಂಡಿದ್ದ ಗಾಳಿ ಇದು" ಎಂದರು. ಕಂಪ್ರೆಷನ್ ನೋಡಿದರು, ನಾಲ್ಕೂ ಸಿಲಿಂಡರ್ ಹೆಚ್ಚುಕಡಿಮೆ ಸಮ. ಕೊನೆಗೆ ಎಂಜಿನ್ ಮೇಲಿನ ಟ್ಯಾಪೆಟ್ ಕವರಿನ ಬ್ರೀದರ್, ಅಂದರೆ ಒಳಗಿನ ಗಾಳಿ ಹೊರಹೋಗುವ ದಾರಿ, ಬಿಚ್ಚಿದರು. ಹಾಲು ಹೆಚ್ಚಾದ ಕಾಫಿಯ ಬಣ್ಣದ ಗಸಿ ಅದರೊಳಗೆ ಗಿಡಿದು ತುಂಬಿತ್ತು.

ಅವರು ಬಿಡಿಸಿ ಹೇಳಿದ್ದು ಇಷ್ಟು. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅಲ್ಲಿ ರಬ್ಬರ್ ಸೀಲ್ ನಿಲ್ಲುವುದಿಲ್ಲ, ಸಣ್ಣ ಲೋಹದ ರಿಂಗ್‌ಗಳಷ್ಟೇ ಇರುತ್ತವೆ. ಬೇರಿಂಗ್‌ಗೆ ಬಂದ ಆಯಿಲ್ ತನ್ನ ಭಾರಕ್ಕೇ ರಿಟರ್ನ್ ಪೈಪಿನಲ್ಲಿ ಇಳಿದು ಸಂಪ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಸೇರಬೇಕು. ಬ್ರೀದರ್ ಕಟ್ಟಿಕೊಂಡರೆ ಎಂಜಿನ್ ಒಳಗಿನ ಗಾಳಿಗೆ ಹೊರದಾರಿಯಿಲ್ಲ. ಆ ಒತ್ತಡಕ್ಕೆ ಆಯಿಲ್ ಇಳಿಯಲಾರದೆ ಟರ್ಬೊದಲ್ಲೇ ನಿಂತು ಪಕ್ಕಗಳಿಂದ ಜಿನುಗುತ್ತದೆ. ಹೊಸ ಟರ್ಬೊ ಹಾಕಿದರೂ ಅಷ್ಟೇ, ಹತ್ತು ಹಾಕಿದರೂ ಅಷ್ಟೇ! ಮಲೆನಾಡಿನ ಮಳೆಗಾಲದಲ್ಲಿ ದಿನಾ ನಾಲ್ಕು ಕಿ.ಮೀ. ಓಡಿಸಿದರೆ ಎಂಜಿನ್ ಬಿಸಿಯೇ ಆಗುವುದಿಲ್ಲ, ಒಳಗಿನ ತೇವ ಆರುವುದಿಲ್ಲ, ಆಯಿಲಿನೊಡನೆ ಬೆರೆತು ಗಸಿಯಾಗುತ್ತದೆ. ಮುಚ್ಚಳದ ಕೆನೆಯೂ ಅದೇ. ಇಂಟರ್‌ಕೂಲರ್‌ನಿಂದ ಒಂದು ಲೋಟದಷ್ಟು ಆಯಿಲ್ ಬಸಿದರು. ಡೀಸೆಲ್ ಎಂಜಿನ್ ಅದನ್ನೇ ಎಳೆದುಕೊಂಡು ಓಡತೊಡಗಿದರೆ ಕೀ ತೆಗೆದರೂ ನಿಲ್ಲುವುದಿಲ್ಲವಂತೆ. ಶಿರಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡಿದ್ದು ನೆನಪಾಗಿ ಕೈ ನಡುಗಿತು.

ಬಿಚ್ಚಿದ ಹಳೆಯ ಟರ್ಬೊವನ್ನು ಹಾಸನದವರು ಗೋಣಿಚೀಲದಲ್ಲಿ ಕಟ್ಟಿಕೊಟ್ಟಿದ್ದರು. ತಂದು ತೋರಿಸಿದೆ. ಅವರು ಶಾಫ್ಟನ್ನು ಬೆರಳಿನಿಂದ ತಿರುಗಿಸಿದರು, ಹಿಂದೆ ಮುಂದೆ ಎಳೆದರು. ಹೆಚ್ಚಿನ ಆಟವಿಲ್ಲ, ಫ್ಯಾನಿನ ಒಂದು ಎಸಳೂ ಗೀರಿಲ್ಲ. "ಇದಕ್ಕೇನಾಗಿತ್ತು ಮೇಷ್ಟ್ರೇ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ತಲೆ ತಗ್ಗಿಸಿ ನಿಂತೆ.

ಬ್ರೀದರ್, ಆಯಿಲ್, ಫಿಲ್ಟರ್, ಕೂಲಿ ಎಲ್ಲ ಸೇರಿ 5,800 ಆಯಿತು. ಅಲ್ಲಿಂದೀಚೆಗೆ 1,600 ಕಿ.ಮೀ. ಓಡಿದೆ, ಆಯಿಲ್ ಗೆರೆ ಕದಲಿಲ್ಲ.

ಗೋಣಿಚೀಲ ಹಿಡಿದುಕೊಂಡು ಹಾಸನಕ್ಕೆ ಹೋದೆ. ಮಾಲೀಕರು ಅದನ್ನು ಮುಟ್ಟಲೂ ಇಲ್ಲ. "ನೀವೇ ಒಪ್ಪಿ ಸಹಿ ಹಾಕಿದ್ದೀರಿ ಸಾರ್." ಅರ್ಧ ಹಣವಾದರೂ ಕೊಡಿ ಎಂದೆ. "ಹಾಕಿದ ಟರ್ಬೊ ಓಡುತ್ತಿದೆಯಲ್ಲ ಸಾರ್, ಮತ್ತೇನು?" ಎಂದು ಒಳಗೆ ಹೋದರು.

ಬೆರಳಿನ ಎಣ್ಣೆ ನೋಡಿ ಹಣ ಕೊಡಬೇಡಿ. ಬ್ರೀದರ್, ರಿಟರ್ನ್ ಪೈಪ್, ಕಂಪ್ರೆಷನ್ ಮೂರನ್ನೂ ನಿಮ್ಮೆದುರೇ ನೋಡಿಸಿ, ಟರ್ಬೊ ಮಾತು ಆಮೇಲೆ. ಹಳೆಯ ಭಾಗವನ್ನು ಕೇಳಿ ಪಡೆಯಿರಿ. ನಾನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಬಿಲ್ಲೂ ಇದೆ, ಟರ್ಬೊವೂ ಇದೆ.

ಬೇಲೂರು ಕಡೆಯ ಆ ಕಾರಿನವರನ್ನು ನಾನು ಅಂದು ಮಾತನಾಡಿಸಲಿಲ್ಲ. ಅವರನ್ನು ಬಲ್ಲವರು ಯಾರಾದರೂ ಇದ್ದರೆ ಇದನ್ನು ದಯವಿಟ್ಟು ಅವರಿಗೆ ತಲುಪಿಸಿ. ಅವರು ಇನ್ನೂ ಹಣ ಕೊಟ್ಟಿರಲಿಕ್ಕಿಲ್ಲ.