85, 135, 70-200: ಪೋರ್ಟ್ರೇಟ್‌ಗೆ ನನ್ನ ಆಯ್ಕೆ 85 ಎಫ್/1.8

ಮುಖದ ಚಿತ್ರಗಳಿಗೆಂದೇ ಒಂದು ಲೆನ್ಸ್ ಕೊಳ್ಳುವುದಾದರೆ 85ಎಂಎಂ ಎಫ್/1.8 ಕೊಳ್ಳಿ. (85ಎಂಎಂ ಎಂಬುದು ಫೋಕಲ್ ಲೆಂಗ್ತ್, ಅದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು.) ಫುಲ್‌ಫ್ರೇಮ್ (36×24 ಮಿ.ಮೀ ಸೆನ್ಸರ್‌ನ) ಕ್ಯಾಮೆರಾದಲ್ಲಿ 135 ಎಫ್/1.8 ಮತ್ತು 70-200 ಎಫ್/2.8 ಜೂಮ್ ಎರಡನ್ನೂ ಬಳಸಿದ ಮೇಲೂ ನನ್ನ ಮತ ಇದಕ್ಕೇ.

ಹಿನ್ನೆಲೆ ಎಷ್ಟು ಮಸುಕಾಗುತ್ತದೆ ಎಂಬುದನ್ನು ಬರೀ ಎಫ್ ಸಂಖ್ಯೆ ನೋಡಿ ತೀರ್ಮಾನಿಸಬೇಡಿ. ಫೋಕಲ್ ಲೆಂಗ್ತನ್ನು ಆ ಸಂಖ್ಯೆಯಿಂದ ಭಾಗಿಸಿ, ಲೆನ್ಸಿನ ಬಾಯಿಯ ಅಗಲ ಸಿಗುತ್ತದೆ: 85ಕ್ಕೆ 47 ಮಿ.ಮೀ, 135ಕ್ಕೆ 75, ಜೂಮ್‌ನ 200ರ ತುದಿಗೆ 71. ಮುಖ ಅಷ್ಟೇ ಗಾತ್ರದಲ್ಲಿ ಬರುವಂತೆ ನಿಂತು ತೆಗೆದರೆ ದೂರದ ಮರಗಿಡಗಳು ಈ ಅಳತೆಗೆ ತಕ್ಕಂತೆ ಕರಗುತ್ತವೆ. ಬಯಲಲ್ಲಿ 135 ಗೆಲ್ಲುವುದು ಅದಕ್ಕೇ.

ಕೋಣೆಯೊಳಗೆ ಲೆಕ್ಕ ಬೇರೆ. ತಲೆ-ಭುಜ ಹಿಡಿಸಲು 85ರಲ್ಲಿ ಸುಮಾರು ಒಂದೂವರೆ ಮೀಟರ್, 135ರಲ್ಲಿ 2.4, 200ರಲ್ಲಿ 3.5 ಮೀಟರ್ ದೂರ ನಿಲ್ಲಬೇಕು. ಗೋಡೆ ಬೆನ್ನಿಗೆ ಒಂದೇ ಮೀಟರ್ ಹಿಂದಿದ್ದರೆ 200 ಎಫ್/2.8ಗಿಂತ 85 ಎಫ್/1.8 ಹೆಚ್ಚು ಮಸುಕು ಕೊಡುತ್ತದೆ. 135ರ ಮುನ್ನಡೆಯೂ ಅಷ್ಟಕ್ಕಷ್ಟೆ. ಇನ್ನು ಪೂರ್ತಿ ಆಳೆತ್ತರದ ಚಿತ್ರಕ್ಕೆ 135 ಕೇಳುವುದು 8 ಮೀಟರ್. ಎಷ್ಟು ಕೋಣೆಗಳಲ್ಲಿ ಅಷ್ಟು ಜಾಗ ಸಿಕ್ಕೀತು?

85 ಎಫ್/1.8ರ ನಿಜವಾದ ಕಾಟ ಬಣ್ಣದ ಅಂಚು. ಬೇರೆಬೇರೆ ಬಣ್ಣದ ಬೆಳಕು ಬೇರೆಬೇರೆ ಆಳದಲ್ಲಿ ಫೋಕಸ್ ಆಗುವುದರಿಂದ, ಫೋಕಸ್‌ಗಿಂತ ಮುಂದಿರುವ ಗೆರೆಗಳಿಗೆ ನೇರಳೆ ಛಾಯೆ, ಹಿಂದಿರುವವಕ್ಕೆ ಹಸಿರು ಛಾಯೆ ಹತ್ತುತ್ತದೆ. ಕನ್ನಡಕದ ಲೋಹದ ಫ್ರೇಮು, ಹೊಳೆಯುವ ಓಲೆ, ಬೆಳ್ಳಗಿನ ಆಕಾಶಕ್ಕೆ ಎದುರಾದ ಕೂದಲು, ಇವುಗಳಲ್ಲಿ ಮೊದಲು ಕಣ್ಣಿಗೆ ಬೀಳುತ್ತದೆ. ಎಡಿಟಿಂಗ್‌ನಲ್ಲಿ ಲೆನ್ಸ್ ಪ್ರೊಫೈಲ್ (ಆ ಲೆನ್ಸಿನ ದೋಷಗಳನ್ನು ತಾನಾಗೇ ತಿದ್ದುವ ಸೆಟ್ಟಿಂಗ್) ಹಾಕಿದರೆ ಹೋಗುತ್ತದೆ ಎಂದುಕೊಳ್ಳಬೇಡಿ. ಅದು ಸರಿಪಡಿಸುವುದು ಚೌಕಟ್ಟಿನ ಅಂಚಿನತ್ತ ಕಾಣುವ ಬೇರೆ ಬಗೆಯ ದೋಷವನ್ನು. ಇದಕ್ಕೆ ಡಿಫ್ರಿಂಜ್ (ಅಂಚಿನ ಬಣ್ಣ ಅಳಿಸುವ ಸೌಲಭ್ಯ) ಬೇಕು. ಅದನ್ನೂ ಇಡೀ ಚಿತ್ರಕ್ಕೆ ಎಳೆದರೆ ನೇರಳೆ ಬಟ್ಟೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ತುಟಿಯ ಬಣ್ಣವೂ ಸೋರುತ್ತದೆ. ಬ್ರಷ್‌ನಿಂದ ಆ ಅಂಚಿಗಷ್ಟೇ ಹಚ್ಚಿ.

ಕೊಳ್ಳುವ ಮುಂಚೆಯೇ ಪರೀಕ್ಷಿಸಬಹುದು. ಅಚ್ಚಾದ ಹಾಳೆಯೊಂದನ್ನು 45 ಡಿಗ್ರಿ ಓರೆಯಾಗಿ ಇಟ್ಟು, ನಡುವಿನ ಸಾಲಿಗೆ ಫೋಕಸ್ ಮಾಡಿ, ಎಫ್/1.8, 2.8, 4ರಲ್ಲಿ ಒಂದೊಂದು ತೆಗೆಯಿರಿ. 2.8ರಲ್ಲಿ ಛಾಯೆ ಇಳಿದು, 4ರ ಹೊತ್ತಿಗೆ ಹೆಚ್ಚೂಕಡಿಮೆ ಮಾಯವಾಗಿರಬೇಕು. 2.8ರಲ್ಲೂ ಢಾಳಾಗಿದ್ದರೆ ಆ ಮಾಡೆಲ್ ಬಿಟ್ಟುಬಿಡಿ. ಹೊಸ 135ಗಳಲ್ಲಿ ಈ ತೊಂದರೆ ಬಹಳ ಕಡಿಮೆ, ಒಪ್ಪುತ್ತೇನೆ.

ಆದರೆ ಲೆನ್ಸನ್ನು ಎಫ್/1.8ಕ್ಕೆ ಪೂರ್ತಿ ತೆರೆದು ತೆಗೆಯುವ ಸಂದರ್ಭಗಳೇ ಎಷ್ಟು? ಒಂದೂವರೆ ಮೀಟರ್‌ನಲ್ಲಿ 85 ಎಫ್/1.8 ಕೊಡುವ ಸ್ಪಷ್ಟತೆಯ ಆಳ ಹಿಂದೆಮುಂದೆ ಸೇರಿ ಸುಮಾರು 3.2 ಸೆಂ.ಮೀ. ಮುಖ 30 ಡಿಗ್ರಿ ತಿರುಗಿದರೆ ಎರಡು ಕಣ್ಣುಗಳ ನಡುವೆ ಆಳದಲ್ಲೇ 3 ಸೆಂ.ಮೀ ಅಂತರ. ಹತ್ತಿರದ ಕಣ್ಣಿಗೆ ಫೋಕಸ್ ಇಟ್ಟರೆ ಆಚೆಯದು ಹೋಯಿತು. ಎರಡೂ ಬೇಕಾದರೆ ಎಫ್/4. ಅಷ್ಟೇ ಗಾತ್ರದ ಮುಖಕ್ಕೆ 135ರಲ್ಲೂ ಇದೇ ಪಾಡು.

70-200 ವೇದಿಕೆಗೆ, ಓಡುವ ಮಕ್ಕಳಿಗೆ ಸರಿ. ಒಂದು ಕಿಲೋದಿಂದ ಒಂದೂವರೆ ಕಿಲೋ ತೂಕ. 85 ಅದರ ಅರ್ಧಕ್ಕೂ ಕಡಿಮೆ. ಕೆಲವು ಹಳೆಯ ಮಾಡೆಲ್‌ಗಳು ಹತ್ತಿರದ ಫೋಕಸ್‌ನಲ್ಲಿ 200 ಎಂದು ತೋರಿಸುತ್ತಾ ಸುಮಾರು 135ರ ಚೌಕಟ್ಟನ್ನೇ ಕೊಡುತ್ತವೆ. ಸ್ಟೆಬಿಲೈಸೇಶನ್ ನಿಮ್ಮ ಕೈನಡುಕ ತಡೆದೀತು, ಎದುರಿನವರ ತಲೆಯಾಟವನ್ನಲ್ಲ. ಹೇಗೂ ಶಟರ್ ವೇಗ 1/250 ಸೆಕೆಂಡ್ ಇಡಲೇಬೇಕು.

ಎಪಿಎಸ್-ಸಿ (ಫುಲ್‌ಫ್ರೇಮ್‌ಗಿಂತ ಚಿಕ್ಕ ಸೆನ್ಸರ್‌ನ) ಕ್ಯಾಮೆರಾ ಇದ್ದವರಿಗೆ 85ರ ಜಾಗದಲ್ಲಿ 56 ಎಫ್/1.2 ಅಥವಾ 1.4.

ನಾನು ತೆಗೆಯುವುದು ಹೆಚ್ಚಾಗಿ ಕಿಟಕಿ ಬೆಳಕಿನಲ್ಲಿ, ಒಬ್ಬೊಬ್ಬರದೇ, ಎಫ್/2.2ರಿಂದ 4ರೊಳಗೆ. ಇಷ್ಟಕ್ಕೆ 135ರ ಬೆಲೆ ತೆರಲು ಮನಸ್ಸಿಲ್ಲ. ಉಳಿದ ಹಣದಲ್ಲಿ ಒಂದು ಒಳ್ಳೆಯ ರಿಫ್ಲೆಕ್ಟರ್ ಮತ್ತು 3 ಸ್ಟಾಪ್ ಎನ್‌ಡಿ ಫಿಲ್ಟರ್ (ಬೆಳಕನ್ನು ಎಂಟನೇ ಒಂದಕ್ಕೆ ಇಳಿಸುವ ಕಪ್ಪು ಗಾಜು) ತೆಗೆದುಕೊಳ್ಳಿ. ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 100ರಲ್ಲೂ ನಡುಬಿಸಿಲಿಗೆ ಎಫ್/1.8 ಇಟ್ಟರೆ 1/8000 ಬೇಕಾಗುತ್ತದೆ, ಎಷ್ಟೋ ಕ್ಯಾಮೆರಾಗಳ ಮೆಕ್ಯಾನಿಕಲ್ ಶಟರ್ 1/4000ಕ್ಕೇ ನಿಲ್ಲುತ್ತದೆ.